ಕಿವಿಯ ಇನ್ಸಾಫು

ಗದಗ-ಬೆಟಗೇರಿಯಲ್ಲಿ ಬೆಳೆದವರಿಗೆ ಹಿಂದುಸ್ತಾನಿ ಸಂಗೀತ ಗಾಳಿಯಲ್ಲೇ ಸಿಗುತ್ತದೆ. ವೀರೇಶ್ವರ ಪುಣ್ಯಾಶ್ರಮದ ಹುಡುಗರ ಸ್ವರಸಾಧನೆ, ಓಣಿಯ ಮಗ್ಗಗಳ ಸದ್ದು ಎರಡನ್ನೂ ಕೇಳುತ್ತ ಬೆಳೆದವನು ನಾನು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನನಗೆ ಖ್ಯಾಲ್ ಗಾಯನ ಮೂರನೆಯ ಭಾಷೆಯಾಯಿತು.

ಬಹಳ ಹಿಂದೆ ಒಂದು ಬೈಠಕ್ಕಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಹೆಸರು ಕೇಳಿ ನಕ್ಕರು. "ನಿಮ್ಮ ಮಂದಿಗೆ ಕವ್ವಾಲಿ ಅಂದ್ರ ಪ್ರಾಣ. ಈ ವಿಲಂಬಿತ ನಿಮಗ ಬ್ಯಾಸರಾ ಆಗೂದಿಲ್ಲೇನ್ರಿ?" ಎಂದರು. ವೇದಿಕೆಯ ಮೇಲೆ ಹಾಡುತ್ತಿದ್ದವರು ಕಿರಾನಾ ಘರಾಣೆಯವರು! ನಾನು ಉತ್ತರ ಕೊಡಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ನನ್ನ ಕಿವಿಯನ್ನು ಆತ ನನ್ನ ಹೆಸರಿನಿಂದ ಅಳೆದಿದ್ದರು.

ಮೊನ್ನೆ ಈದ್ ರಜೆಗೆ ಬೆಂಗಳೂರಿನಿಂದ ಬಂದ ಮಗ ಜಾಝ್ ಸಂಗೀತ ಹಚ್ಚಿದ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, "ಬಂದ್ ಮಾಡು, ಇದು ಗದ್ದಲ" ಎಂದೆ. ಅವನು ಬಂದ್ ಮಾಡಿ ಮೆಲ್ಲಗೆ ಕೇಳಿದ: "ಅಬ್ಬಾ, ನೀವು ಕೇಳಿ ಹೇಳಿದಿರಾ, ಕೇಳದೆ ಹೇಳಿದಿರಾ?" ಆ ಹಿರಿಯರ ನಗು ನೆನಪಾಯಿತು. ಈ ಸಲ ನಗುತ್ತಿದ್ದವನು ನಾನೇ.

ನ್ಯಾಯ ಎಂದರೆ ನಾವು ಕೋರ್ಟು, ಪಂಚಾಯಿತಿ, ಹಂಚಿಕೆಯ ಲೆಕ್ಕ ಎಂದುಕೊಳ್ಳುತ್ತೇವೆ. ಕಿವಿಗೂ ನ್ಯಾಯ-ಅನ್ಯಾಯ ಉಂಟೇ?

ಆ ರಾತ್ರಿ ಮಗನನ್ನೇ ಕೂಡಿಸಿಕೊಂಡು ಕೇಳಿದೆ. ಮೈಲ್ಸ್ ಡೇವಿಸ್ 1959ರಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ 'ಸೋ ವಾಟ್' ಎಂಬ ರಚನೆ ಅದು. ನನ್ನ ತೊಡಕು ಏನೆಂದು ಮೆಲ್ಲಗೆ ತಿಳಿಯಿತು. ನಮ್ಮ ತಂಬೂರಿ ಷಡ್ಜವನ್ನು ಬಿಟ್ಟು ಕದಲುವುದಿಲ್ಲ. ಜಾಝ್‌ನಲ್ಲಿ ಕಾಲ ಕೆಳಗಿನ ನೆಲವೇ ಸರಿಯುತ್ತದೆ. ಅದೃಷ್ಟಕ್ಕೆ ಈ ರಚನೆಯಲ್ಲಿ ನೆಲ ಬಹಳ ಹೊತ್ತು ನಿಲ್ಲುತ್ತದೆ. ನಾಲ್ಕು ಎಣಿಕೆಯ 32 ಘಟ್ಟಗಳು ಸೇರಿ ಒಂದು ಸುತ್ತು. ಮೊದಲ 16ರಲ್ಲಿ ಕೋಮಲ ಗಾಂಧಾರ, ಕೋಮಲ ನಿಷಾದ. ಅಂದರೆ ನಮ್ಮ ಕಾಫಿ ಥಾಟಿನ ಸ್ವರಗಳೇ! ಮುಂದಿನ 8ರಲ್ಲಿ ಷಡ್ಜ ಅರ್ಧ ಸ್ವರ ಮೇಲಕ್ಕೇರುತ್ತದೆ, ಕೊನೆಯ 8ರಲ್ಲಿ ಮರಳಿ ಮನೆಗೆ ಬರುತ್ತದೆ. ಆರಂಭದಲ್ಲಿ ದೊಡ್ಡ ತಂತಿವಾದ್ಯವೊಂದು ಮಾತು ಎತ್ತುತ್ತದೆ, ಉಳಿದವರು ಎರಡೇ ಸ್ವರಗಳಲ್ಲಿ ಉತ್ತರ ಕೊಡುತ್ತಾರೆ. ಮುಂಡರಗಿ, ಶಿರಹಟ್ಟಿ ಕಡೆಯ ಮೊಹರಂ ರಿವಾಯತ್ ಪದಗಳಲ್ಲಿ ಹಿಮ್ಮೇಳ ದನಿಗೂಡಿಸುವುದು ನೆನಪಾಯಿತು. ಬಳಿಕ ಒಬ್ಬೊಬ್ಬರೂ ಸರದಿಯಂತೆ ಆ ಸುತ್ತಿನೊಳಗೆ ತಮ್ಮ ಬಢತ್ ಮಾಡುತ್ತಾರೆ. ಒಬ್ಬ ನುಡಿಸುವಾಗ ಹಿಂದಿನವರು ಆಧಾರವಾಗಿ ನಿಲ್ಲುತ್ತಾರೆ. ನಾನು ಜಗಳ ಎಂದುಕೊಂಡದ್ದು ಸಂಭಾಷಣೆಯಾಗಿತ್ತು.

ಗುಲಾಮಗಿರಿಯನ್ನು ಉಂಡವರ ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲಿ ಕಟ್ಟಿದ ಈ ಸಂಗೀತವನ್ನು ಅಲ್ಲಿನ ಸಭ್ಯಸ್ಥರೂ ಮೊದಮೊದಲು ಗದ್ದಲವೆಂದೇ ಕರೆದಿದ್ದರು. ಅಪರಿಚಿತರ ಹಾಡಿಗೆ ನಾವು ಇಡುವ ಮೊದಲ ಹೆಸರು ಬಹುಶಃ ಅದೇ ಇರಬೇಕು.

ಹೆಸರಿನಿಂದ ಕಿವಿಯನ್ನು ಅಳೆಯುವವರು ರುದ್ರೇಶ್ ಮಹಂತಪ್ಪ ಅವರನ್ನು ನೋಡಬೇಕು. ಹೆಸರು ನಮ್ಮ ಪಕ್ಕದ ಮನೆಯವರದ್ದು; ಹುಟ್ಟಿದ್ದು 1971ರಲ್ಲಿ ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ, ನುಡಿಸುವುದು ಜಾಝ್. ಮುಖ ನೋಡಿದವರು ಇವರಿಗೆ ಭಾರತೀಯ ಸಂಗೀತ ಗೊತ್ತೇ ಇರಬೇಕೆಂದು ತಿಳಿದರು. ಆದರೆ ಅವರೂ ಅದನ್ನು ಕೇಳಿ, ಕಲಿತೇ ತಿಳಿಯಬೇಕಾಯಿತು. ಇತ್ತ ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನನ್ನು ವರ್ಷಗಟ್ಟಲೆ ಪಳಗಿಸಿ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದರು. 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ 'ಕಿನ್ಸ್‌ಮೆನ್' ಹೊರಬಂತು. ಹೆಸರಿನ ಅರ್ಥ ಬಂಧುಗಳು ಎಂದು. ಈ ಬಂಧುತ್ವ ರಕ್ತದ್ದಲ್ಲ, ಕಿವಿಯದು.

ನಮ್ಮದು ಎನ್ನುವುದಾದರೂ ಎಲ್ಲಿಂದ ಬಂತು? ಉತ್ತರ ಪ್ರದೇಶದ ಕೈರಾನಾದಿಂದ ಹೊರಟ ಅಬ್ದುಲ್ ಕರೀಂ ಖಾನರ ವಿದ್ಯೆ ಲಕ್ಷ್ಮೇಶ್ವರದ ನೆರೆಯ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗದಗಿನ ಭೀಮಸೇನ ಜೋಶಿಯವರಿಗೆ ಹರಿಯಿತು. ಖಾನ್ ಸಾಹೇಬರ ಧ್ವನಿಮುದ್ರಿಕೆಗೆ ಮನಸೋತ ಭೀಮಸೇನ 1933ರಲ್ಲಿ, 11ನೆಯ ವಯಸ್ಸಿಗೆ ಮನೆ ಬಿಟ್ಟ ಹುಡುಗ. ಎಲ್ಲಿಂದಲೋ ಬಂದದ್ದನ್ನು ಯಾರೋ ತಾಳ್ಮೆಯಿಂದ ಕೇಳಿದ್ದರಿಂದಲೇ ಅದು ನಮ್ಮದಾಯಿತು.

ಹಾಗಾದರೆ ಎಲ್ಲವನ್ನೂ ಮೆಚ್ಚಬೇಕೆ? ಇಲ್ಲ. ರುಚಿ ಬೇರೆ, ತೀರ್ಪು ಬೇರೆ. ಮೆಚ್ಚದಿರುವ ಹಕ್ಕು ನನಗಿದೆ. ಕೇಳದೆಯೇ ತೀರ್ಪು ಕೊಡುವ ಹಕ್ಕು ಇಲ್ಲ. ಮಗ ಕೇಳಿಸಿದ ಕೆಲವು ಜಾಝ್ ರಚನೆಗಳು ಈಗಲೂ ನನ್ನೊಳಗೆ ಇಳಿದಿಲ್ಲ. ಆದರೆ ಈಗ "ಗದ್ದಲ" ಎನ್ನುವುದಿಲ್ಲ, "ನನಗಿನ್ನೂ ತಿಳಿದಿಲ್ಲ" ಎನ್ನುತ್ತೇನೆ. ಎರಡು ಮಾತುಗಳ ನಡುವಿನ ಅಂತರ ಸಣ್ಣದಲ್ಲ.

ಅಂದು ಆ ಹಿರಿಯರೂ ನನ್ನನ್ನು, "ಈ ರಾಗದೊಳಗ ನಿಮಗೇನು ಕಾಣತೈತಿ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಇಡೀ ರಾತ್ರಿ ನಾವಿಬ್ಬರೂ ಮಾತಾಡಬಹುದಿತ್ತು.