ದಿನ ದೇವರದು, ಕೃತ್ಯ ಯಾರದು?

ಹೊಸ ವರ್ಷ ಬಂತೆಂದರೆ ನಮ್ಮ ಮನೆಗಳ ಗೋಡೆಗೆ ಎರಡು ಕ್ಯಾಲೆಂಡರ್ ಬರುತ್ತವೆ. ಒಂದು ಧರ್ಮಕ್ಷೇತ್ರದ್ದು. ಸಂತರ ಹಬ್ಬಗಳು, ತಪಸ್ಸು ಕಾಲ, ಆಯಾ ದಿನದ ವಾಚನಗಳು ಅದರಲ್ಲಿರುತ್ತವೆ. ಇನ್ನೊಂದು ದಿನಸಿ ಅಂಗಡಿಯವರು ಕೊಟ್ಟದ್ದು. ಅದರಲ್ಲಿ ರಾಹುಕಾಲ, ಗುಳಿಕಕಾಲ, ಅಮಾವಾಸ್ಯೆ ಇರುತ್ತವೆ. ನಾವು ರಾಹುಕಾಲ ನೋಡುವವರಲ್ಲ ಎಂದು ಹೇಳಿಕೊಳ್ಳುತ್ತೇವೆ. ಆದರೆ ಹಬ್ಬದ ದಿನ ಮಗು ಹುಟ್ಟಿದರೆ ಅದು ದೇವರ ಗುರುತು ಎನ್ನುತ್ತೇವೆ. ಶುಭ ಶುಕ್ರವಾರ ಯಾರಾದರೂ ಕಣ್ಣು ಮುಚ್ಚಿದರೆ ಪುಣ್ಯವಂತರು ಎನ್ನುತ್ತೇವೆ. ದಿನದಲ್ಲಿ ಏನೋ ಇದೆ ಎಂಬ ಭಾವನೆ ನಮ್ಮನ್ನೂ ಬಿಟ್ಟಿಲ್ಲ.

ಹಾಗಿದ್ದರೆ ಆಗಸ್ಟ್ ತಿಂಗಳ ಹಾಳೆಯನ್ನು ನಾವು ಹೇಗೆ ಓದಬೇಕು? 6ನೇ ತಾರೀಖು ಯೇಸುಸ್ವಾಮಿಯ ರೂಪಾಂತರದ ಹಬ್ಬ. ಬೆಟ್ಟದ ಮೇಲೆ ಪ್ರಭುವಿನ ಮುಖ ಸೂರ್ಯನಂತೆ ಬೆಳಗಿದ್ದನ್ನು ಮೂವರು ಶಿಷ್ಯರು ಕಂಡ ನೆನಪು. 1945ರಲ್ಲಿ ಅದೇ ದಿನ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಹಿರೋಶಿಮಾ ನಗರದ ಮೇಲೆ ಬೇರೊಂದು ಬೆಳಕು ಹೊಳೆಯಿತು, ಊರೇ ಬೂದಿಯಾಯಿತು. 9ರಂದು ನಾಗಸಾಕಿ. 15 ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ. ಅಂದು ಜಪಾನಿನ ಚಕ್ರವರ್ತಿ ರೇಡಿಯೋದಲ್ಲಿ ಯುದ್ಧ ಮುಗಿಯಿತೆಂದು ಸಾರಿದರು. ಎರಡು ವರ್ಷಗಳ ನಂತರ ಅದೇ ದಿನ ನಮ್ಮ ದೇಶ ಸ್ವತಂತ್ರವಾಯಿತು. ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಜೇವಿಯರ್ ಜಪಾನಿನ ನೆಲದಲ್ಲಿ ಕಾಲಿಟ್ಟದ್ದೂ 1549ರ ಆಗಸ್ಟ್ 15ರಂದೇ.

ಇವೆಲ್ಲ ಸುಮ್ಮನೆ ಕೂಡಿ ಬಂದದ್ದೇ, ದೇವರು ಕೂಡಿಸಿದ್ದೇ? ಈ ಪ್ರಶ್ನೆಯನ್ನು ಕೇಳಿದವರಲ್ಲಿ ನಾವು ಮೊದಲಿಗರಲ್ಲ. ನಾಗಸಾಕಿಯ ಕಥೋಲಿಕರು ಇದನ್ನು ತಮ್ಮ ಮನೆಗಳ ಬೂದಿಯ ಮೇಲೆ ನಿಂತು ಕೇಳಿದರು.

ಎರಡನೇ ಬಾಂಬನ್ನು ಆಗಸ್ಟ್ 11ರಂದು ಹಾಕಬೇಕೆಂದಿತ್ತು. ಹವಾಮಾನ ಕೆಡುವ ಮುನ್ಸೂಚನೆ ಬಂದದ್ದರಿಂದ 9ಕ್ಕೆ ತಂದರು. ಗುರಿಯಾಗಿದ್ದ ಊರು ಕೊಕುರಾ. ಅಲ್ಲಿ ನೆಲ ಕಾಣದ್ದರಿಂದ ವಿಮಾನ ನಾಗಸಾಕಿಗೆ ತಿರುಗಿತು. ಅಲ್ಲಿಯೂ ಮೋಡವಿತ್ತು. ಆ ಮೋಡದ ನಡುವೆ ತೆರೆದ ಜಾಗದಿಂದ ಬಾಂಬು 11 ಗಂಟೆ 2 ನಿಮಿಷಕ್ಕೆ ಉರಾಕಾಮಿ ಕಣಿವೆಯ ಮೇಲೆ ಬಿತ್ತು. ಉರಾಕಾಮಿ ಎಂದರೆ ಜಪಾನಿನ ಕಥೋಲಿಕರ ತವರು. ಮರಿಯಮ್ಮನವರಿಗೆ ಸಮರ್ಪಿತವಾದ ಅಲ್ಲಿನ ದೊಡ್ಡ ದೇವಾಲಯ ಸ್ಫೋಟದ ಕೇಂದ್ರದಿಂದ ಸುಮಾರು 500 ಮೀಟರ್ ದೂರದಲ್ಲಿತ್ತು. ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧತೆಯಾಗಿ ಇಬ್ಬರು ಗುರುಗಳು ಒಳಗೆ ಪಾಪನಿವೇದನೆ ಕೇಳುತ್ತಿದ್ದರು. ಅವರೂ ಸರದಿಗಾಗಿ ಕಾಯುತ್ತಿದ್ದ ಭಕ್ತರೂ ಅಲ್ಲೇ ತೀರಿಹೋದರು. ಆ ಧರ್ಮಕೇಂದ್ರದ ಸುಮಾರು 12,000 ಜನರಲ್ಲಿ 8,500ರಷ್ಟು ಮಂದಿ ಸತ್ತರು.

ಬದುಕಿ ಉಳಿದವರಿಗೆ ಇನ್ನೊಂದು ಏಟು ಕಾದಿತ್ತು. ನಾಡಿನ ದೇವರುಗಳನ್ನು ಬಿಟ್ಟದ್ದಕ್ಕೆ ಇವರಿಗೆ ಶಿಕ್ಷೆಯಾಯಿತು ಎಂದು ಊರಿನಲ್ಲಿ ಕೆಲವರು ಆಡಿಕೊಂಡರು. ಆಗ ಮಾತನಾಡಿದವರು ವೈದ್ಯ ತಕಾಶಿ ನಾಗಾಯ್. ಬಾಂಬಿಗೆ ಮೊದಲೇ ಅವರಿಗೆ ರಕ್ತದ ಕ್ಯಾನ್ಸರ್ ಇತ್ತು. ಪತ್ನಿ ಮಿದೋರಿಯನ್ನು ಹುಡುಕಿ ಹೋದಾಗ ಮನೆಯಿದ್ದ ಜಾಗದಲ್ಲಿ ಅವರಿಗೆ ಸಿಕ್ಕಿದ್ದು ಸುಟ್ಟ ಮೂಳೆಗಳು, ಜೊತೆಗೆ ಅವರ ಜಪಸರ. 1945ರ ನವೆಂಬರ್ 23ರಂದು ಪಾಳುಬಿದ್ದ ದೇವಾಲಯದ ಪಕ್ಕದಲ್ಲಿ ಮೃತರಿಗಾಗಿ ಪೂಜೆ ನಡೆದಾಗ ನಾಗಾಯ್ ಎದ್ದು ನಿಂತರು. ಬಾಂಬು ಬೇರೆ ಊರಿಗೆಂದು ಹೊರಟದ್ದು, ಮೋಡ ಕವಿದದ್ದು, ಮರಿಯಮ್ಮನವರ ಹಬ್ಬದಂದೇ ಯುದ್ಧ ನಿಂತದ್ದು, ಇವುಗಳನ್ನೆಲ್ಲ ಎತ್ತಿ ಹೇಳಿದರು. ಇದು ಬರೀ ಆಕಸ್ಮಿಕವೋ ದೇವರ ಗೂಢ ಸಂಕಲ್ಪವೋ ಎಂದು ಕೇಳಿದರು. ಯುದ್ಧದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಉರಾಕಾಮಿ ದೇವರಿಗೆ ಅರ್ಪಿತವಾದ ಕುರಿಮರಿ ಎಂದರು.

ಆ ಮಾತು ಅಲ್ಲಿದ್ದವರ ಕಣ್ಣೀರು ಒರೆಸಿತು. ನೀವು ಶಪಿತರಲ್ಲ, ನಿಮ್ಮವರ ಸಾವು ವ್ಯರ್ಥವಾಗಿಲ್ಲ ಎಂದು ಆ ಜನಕ್ಕೆ ಯಾರಾದರೂ ಹೇಳಬೇಕಿತ್ತು. ಆದರೆ ಕಾಲ ಕಳೆದಂತೆ ಜಪಾನಿನಲ್ಲೇ ಬೇರೆ ಪ್ರಶ್ನೆ ಎದ್ದಿತು. ದೇವರ ಸಂಕಲ್ಪವೇ ಆಗಿದ್ದರೆ ಬಾಂಬು ಹಾಕಿದವರ ತಪ್ಪೇನು? ಆ ಯುದ್ಧವನ್ನು ಹೂಡಿ ಏಷ್ಯಾದ ಎಷ್ಟೋ ನಾಡುಗಳನ್ನು ರಕ್ತದಲ್ಲಿ ಅದ್ದಿದ ಜಪಾನಿನ ಸೇನಾಪತಿಗಳ ತಪ್ಪೇನು? ಎಲ್ಲವನ್ನೂ ದೇವರ ಮೇಲೆ ಹಾಕಿದರೆ ಮನುಷ್ಯ ಕೈ ತೊಳೆದುಕೊಳ್ಳುತ್ತಾನೆ. ಪಿಲಾತ ಮಾಡಿದ್ದೂ ಅದನ್ನೇ.

ಲೂಕನ ಶುಭಸಂದೇಶದ 13ನೇ ಅಧ್ಯಾಯವನ್ನು ಇಲ್ಲಿ ನೆನೆಯಬೇಕು. ಸಿಲೋವಾಮಿನ ಗೋಪುರ ಕುಸಿದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ಭಾವಿಸಬೇಡಿ ಎಂದರು ಯೇಸು. ಗೋಪುರ ಅಂದೇ ಏಕೆ ಬಿತ್ತು, ಅವರ ಮೇಲೇ ಏಕೆ ಬಿತ್ತು ಎಂದು ಅವರು ವಿವರಿಸಲಿಲ್ಲ. ಕೇಳುತ್ತಿದ್ದವರ ಕಡೆಗೆ ತಿರುಗಿ ನೀವು ಮನಸ್ಸು ಬದಲಿಸಿಕೊಳ್ಳಿ ಎಂದರು.

ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಹಬ್ಬ ಆಗಸ್ಟ್ 14. ಅವರು 1930ರಿಂದ ಆರು ವರ್ಷ ನಾಗಸಾಕಿಯಲ್ಲಿದ್ದು ಒಂದು ಮಠ ಕಟ್ಟಿದ್ದರು. ಅದು ಊರಿನ ಆಚೆ, ಬೆಟ್ಟದ ಮರೆಯಲ್ಲಿತ್ತು, ಬಾಂಬಿನಿಂದ ಪಾರಾಯಿತು. ಅದನ್ನು ಪವಾಡವೆನ್ನುವುದು ಸುಲಭ. ಆದರೆ ಪಾಪನಿವೇದನೆಗೆ ಸಾಲಿನಲ್ಲಿ ನಿಂತಿದ್ದವರನ್ನು ದೇವರು ಕಡಿಮೆ ಪ್ರೀತಿಸಿದರೇ? ಉಳಿದದ್ದಕ್ಕೆ ಕೃತಜ್ಞತೆ ಸಲ್ಲಿಸೋಣ. ಅಳಿದವರ ಮುಂದೆ ಅದನ್ನು ಮೆರೆಸಬಾರದು.

ಕೋಲ್ಬೆಯವರ ಜೀವನವೇ ನಮಗೆ ಒಂದು ವ್ಯತ್ಯಾಸ ಕಲಿಸುತ್ತದೆ. 1941ರಲ್ಲಿ ಆಶ್ವಿಟ್ಜ್ ಶಿಬಿರದಲ್ಲಿ ಹತ್ತು ಮಂದಿಯನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದಾಗ, ಅವರಲ್ಲೊಬ್ಬ ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದ. ಇದು ದೇವರ ಚಿತ್ತ, ಸಹಿಸಿಕೋ ಎಂದು ಕೋಲ್ಬೆ ಅವನಿಗೆ ಉಪದೇಶ ಮಾಡಲಿಲ್ಲ. ಅವನ ಜಾಗದಲ್ಲಿ ತಾವೇ ಹೋಗಿ ನಿಂತರು. ನನ್ನ ನೋವನ್ನು ನಾನು ಬಲಿಯಾಗಿ ಅರ್ಪಿಸಬಹುದು. ಇನ್ನೊಬ್ಬರ ನೋವನ್ನು ಬಲಿಯೆಂದು ಕರೆಯುವ ಹಕ್ಕು ನನಗಿಲ್ಲ. ನಾಗಾಯ್ ತಮ್ಮ ಹೆಂಡತಿಯ ಮೂಳೆಗಳನ್ನು ಕೈಯಾರೆ ಎತ್ತಿಕೊಂಡು ಆ ಮಾತು ಆಡಿದರು. ಅದೇ ಮಾತು ದೂರದಲ್ಲಿ ಸುಖವಾಗಿದ್ದವರ ಬಾಯಲ್ಲಿ ಬಂದರೆ ಅದು ಕ್ರೌರ್ಯ.

ಬಾಂಬು ಹೊತ್ತ ವಿಮಾನಗಳು ಹೊರಟ ಟಿನಿಯನ್ ದ್ವೀಪದಲ್ಲಿ ಸೈನಿಕರ ಆತ್ಮಪಾಲಕರಾಗಿದ್ದವರು ಜಾರ್ಜ್ ಜಬೆಲ್ಕಾ ಎಂಬ ಕಥೋಲಿಕ ಗುರು. ಊರುಗಳನ್ನು ಸುಡುವುದು ಪಾಪವೆಂದು ತಾವು ಒಮ್ಮೆಯೂ ಬೋಧಿಸಲಿಲ್ಲ ಎಂದು ಅವರು ವರ್ಷಗಳ ನಂತರ ಬಹಿರಂಗವಾಗಿ ಒಪ್ಪಿಕೊಂಡರು. ಉಳಿದ ಆಯುಸ್ಸನ್ನು ಶಾಂತಿಗಾಗಿ ಸವೆಸಿದರು. ದೇವರು ಹೀಗೇಕೆ ಮಾಡಿದರು ಎಂಬ ಪ್ರಶ್ನೆಗೆ ಬದಲಾಗಿ ನಾನೇಕೆ ಸುಮ್ಮನಿದ್ದೆ ಎಂದು ಅವರು ಕೇಳಿಕೊಂಡರು. 1981ರ ಫೆಬ್ರವರಿ 25ರಂದು ಸಂತ ಎರಡನೇ ಜಾನ್ ಪೌಲರು ಹಿರೋಶಿಮಾದಲ್ಲಿ ನಿಂತು, ಯುದ್ಧ ಮನುಷ್ಯನೇ ಮಾಡುವ ಕೆಲಸ ಎಂದು ನೇರವಾಗಿ ಹೇಳಿದರು. ಅಷ್ಟು ವರ್ಷ ಮೌನವಾಗಿ ನೋವು ನುಂಗಿದ್ದ ಉರಾಕಾಮಿಯ ಕೆಲವರು ಆಮೇಲೆ ಬಾಯಿ ಬಿಟ್ಟರು.

ಹಾಗಾದರೆ ದಿನಗಳಿಗೆ ಅರ್ಥವೇ ಇಲ್ಲವೇ? ಇದೆ. ಅದಕ್ಕೂ ಉರಾಕಾಮಿಯವರೇ ಸಾಕ್ಷಿ. ಅವರ ಹಿರಿಯರು ಹಿಂಸೆಗೆ ಹೆದರಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಗುರುಗಳಿಲ್ಲದೆ, ಪೂಜೆಯಿಲ್ಲದೆ, ಗುಟ್ಟಾಗಿ ವಿಶ್ವಾಸ ಕಾಪಾಡಿದರು. ಜ್ಞಾನಸ್ನಾನ ಕೊಡಲು ಒಬ್ಬ, ಹಬ್ಬಗಳ ಲೆಕ್ಕ ಇಡಲು ಒಬ್ಬ ಎಂದು ತಮ್ಮೊಳಗೇ ನೇಮಿಸಿಕೊಂಡಿದ್ದರು. 1865ರ ಮಾರ್ಚ್ 17ರಂದು ಅವರು ಫ್ರೆಂಚ್ ಗುರು ಪೆಟಿಜಾನ್ ಅವರ ಮುಂದೆ ಗುಟ್ಟು ಬಿಚ್ಚಿದಾಗ, ನಾವೀಗ ದುಃಖದ ಕಾಲದ 17ನೇ ದಿನದಲ್ಲಿದ್ದೇವೆ ಎಂದು ತಿಳಿಸಿದರು. ಆ ವರ್ಷ ವಿಭೂತಿ ಬುಧವಾರ ಮಾರ್ಚ್ 1ಕ್ಕೆ ಬಿದ್ದಿತ್ತು. ಅವರ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ಆ ದಿನಗಳು ತಾವಾಗಿ ಉಳಿಯಲಿಲ್ಲ. ಅಪ್ಪ ಮಗನಿಗೆ ಹೇಳಿದ್ದರಿಂದ, ಪ್ರತಿ ವರ್ಷ ಎಣಿಸಿದ್ದರಿಂದ ಉಳಿದವು. ದಿನದೊಳಗೆ ಅಡಗಿದ ವಿಧಿಯನ್ನು ಓದಲು ನಮ್ಮಿಂದಾಗದು. ದಿನವನ್ನು ಆಚರಿಸುವುದು, ನೆನೆಯುವುದು, ಅಂದು ಏನು ಮಾಡಬೇಕೆಂದು ತೀರ್ಮಾನಿಸುವುದು ನಮ್ಮ ಕೈಲಿದೆ.

ನಮ್ಮ ನಡುವೆ ಸಾವಿನ ಮನೆಗೆ ಹೋದಾಗ ದೇವರ ಚಿತ್ತ, ಇಷ್ಟೇ ಆಯಸ್ಸು ಎಂದು ಹೇಳಿ ಬರುವುದು ವಾಡಿಕೆ. ಕುಡಿದು ಲಾರಿ ಓಡಿಸಿದವನಿಂದ ಸತ್ತ ಹುಡುಗನ ತಾಯಿಗೂ ಅದನ್ನೇ ಹೇಳುತ್ತೇವೆ. ಇನ್ನು ಮುಂದೆ ಆ ಮಾತನ್ನು ಆ ತಾಯಿಗೇ ಬಿಡೋಣ. ಹೇಳಬೇಕೆನಿಸಿದರೆ ಅವರೇ ಹೇಳಲಿ. ನಾವು ಪಕ್ಕದಲ್ಲಿ ಕೂತು ಜಪಸರ ಮಾಡೋಣ, ಏಳನೆಯ ದಿನಕ್ಕೂ ವರ್ಷದ ಪೂಜೆಗೂ ಮರೆಯದೆ ಹೋಗೋಣ.

ಉರಾಕಾಮಿ ದೇವಾಲಯದ ಎರಡು ಗಂಟೆಗಳಲ್ಲಿ ಒಂದು ಒಡೆದುಹೋಗಿತ್ತು. ಇನ್ನೊಂದನ್ನು ಅವಶೇಷಗಳಿಂದ ಅಗೆದು ತೆಗೆದು 1945ರ ಕ್ರಿಸ್ಮಸ್ಸಿಗೆ ಬಾರಿಸಿದರು. ಮತ್ತೆ ಕಟ್ಟಿದ ದೇವಾಲಯದ ಒಂದು ಗೋಪುರ ಮಾತ್ರ ದಶಕಗಳ ಕಾಲ ಗಂಟೆಯಿಲ್ಲದೆ ನಿಂತಿತ್ತು. ಅಮೆರಿಕದ ಕಥೋಲಿಕರು ಹಣ ಕೂಡಿಸಿ ಹೊಸ ಗಂಟೆ ಕೊಟ್ಟರು. 2025ರ ಆಗಸ್ಟ್ 9ರಂದು 11 ಗಂಟೆ 2 ನಿಮಿಷಕ್ಕೆ ಎರಡೂ ಗಂಟೆಗಳು ಒಟ್ಟಿಗೆ ಮೊಳಗಿದವು. ಆ ದಿನವನ್ನಾಗಲಿ ಆ ನಿಮಿಷವನ್ನಾಗಲಿ ಯಾರೂ ಬದಲಿಸಿರಲಿಲ್ಲ. ಅಂದು ಮಾಡುವ ಕೆಲಸವನ್ನು ಬದಲಿಸಿದರು.

ಅಲ್ಲಿ 11 ಗಂಟೆ 2 ನಿಮಿಷವಾದಾಗ ನಮ್ಮಲ್ಲಿ ಬೆಳಿಗ್ಗೆ 7 ಗಂಟೆ 32 ನಿಮಿಷ. ಬರುವ ಆಗಸ್ಟ್ 9ರಂದು ಆ ಹೊತ್ತಿಗೆ ನಾವು ಎಲ್ಲಿದ್ದರೂ, ಯಾವ ಭಾಷೆಯಲ್ಲಾದರೂ, ಒಂದು ನಮೋ ಮರಿಯಾ ಹೇಳೋಣ.