ಸುತ್ತುವವರು ಎಷ್ಟು ಮಂದಿ?

ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಗಾದೆ ವಿಸ್ತರಿಸುವ ಪ್ರಶ್ನೆ ಬಂತೆಂದರೆ ನಮಗೆ ಹಬ್ಬ. ‘ಗಾದೆಗಳು ವೇದಗಳಿಗೆ ಸಮಾನ’ ಎಂಬ ಮೊದಲ ಸಾಲು ಯಾವ ಗಾದೆಗೂ ಒಪ್ಪುತ್ತಿತ್ತು. ‘ದೇಶ ಸುತ್ತು, ಕೋಶ ಓದು’ ಎಂದು ಬಂದರಂತೂ ಫಾಹಿಯಾನ್, ಹ್ಯೂಯೆನ್‌ತ್ಸಾಂಗ್ ಇಬ್ಬರನ್ನೂ ಕರೆತಂದು ಪುಟ ತುಂಬಿಸಿಬಿಡುತ್ತಿದ್ದೆವು. ಇಬ್ಬರೂ ಭಿಕ್ಷುಗಳು, ಹೆಂಡತಿ ಮಕ್ಕಳ ಗೋಜಿಲ್ಲದವರು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಗಾದೆಯೂ ಅಂಥವನಿಗೇ ಹೇಳಿದಂತಿದೆ. ಸುತ್ತು, ಓದು: ಎರಡೂ ಏಕವಚನ. ಮೀಸೆ ಚಿಗುರುತ್ತಿರುವ ಹುಡುಗನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು ಹಿರಿಯರು ಆಡಿದ ಮಾತು. ಮಗನಿಗೆ ಬುದ್ಧಿಮಾತಾದ ಅದೇ ಕ್ರಿಯಾಪದ ಮಗಳ ವಿಷಯಕ್ಕೆ ಬಂದಾಗ ಬೈಗುಳವಾಗುತ್ತದೆ: ‘ಊರು ಸುತ್ತೋಳು’. ಕೈಗೂಸಿನ ತಾಯಿಯಂತೂ ಗಾದೆಯ ಲೆಕ್ಕಕ್ಕೇ ಇಲ್ಲ. ಅದೇ ಮಾತನ್ನು ಬಹುವಚನಕ್ಕೆ ತಿರುಗಿಸಿದರೆ, ಅಂದರೆ ಇಡೀ ಸಂಸಾರವೇ ಸುತ್ತಲು ಹೊರಟರೆ, ಏನಾಗುತ್ತದೆ?

ಅರ್ಜೆಂಟೀನಾದ ಹರ್ಮನ್ ಝಾಪ್ ಮತ್ತು ಕಾಂಡೆಲಾರಿಯಾ ದಂಪತಿ 2000ದ ಜನವರಿಯಲ್ಲಿ ಬ್ಯೂನಸ್ ಐರಿಸ್‌ನಿಂದ ಹೊರಟರು. ವಾಹನ 1928ರ ಗ್ರಹಾಂ-ಪೇಜ್ ಕಾರು. ಆರು ತಿಂಗಳಲ್ಲಿ ಅಲಾಸ್ಕಾ ಮುಟ್ಟುವ ಅಂದಾಜಿತ್ತು. ಊರಿಗೆ ಮರಳಿ ಪ್ರಯಾಣ ಮುಗಿಸಿದ್ದು 2022ರ ಮಾರ್ಚಿನಲ್ಲಿ. ಅಷ್ಟರಲ್ಲಿ ನೂರಕ್ಕೂ ಹೆಚ್ಚು ದೇಶಗಳು, ಸುಮಾರು 3,62,000 ಕಿಲೋಮೀಟರ್. ನಾಲ್ಕು ಮಕ್ಕಳು ಈ ಅವಧಿಯಲ್ಲೇ ಹುಟ್ಟಿದರು: ಒಂದು ಅಮೆರಿಕದಲ್ಲಿ, ಒಂದು ಅರ್ಜೆಂಟೀನಾದಲ್ಲೇ, ಒಂದು ಕೆನಡಾದಲ್ಲಿ, ಒಂದು ಆಸ್ಟ್ರೇಲಿಯಾದಲ್ಲಿ. ಮಕ್ಕಳಿಗೆ ಜಾಗ ಸಾಲದೆ ಕಾರನ್ನೇ ಕತ್ತರಿಸಿ ಉದ್ದ ಮಾಡಿಸಿದರು. ಓದು ದೂರಶಿಕ್ಷಣದಲ್ಲಿ, ತಾಯಿಯ ಒತ್ತಾಸೆಯಲ್ಲಿ.

ದಾರಿಯಲ್ಲಿ ಅವರು ತಂಗಿದ ಮನೆಗಳು ಸುಮಾರು 2,000 ಎಂಬ ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಹೊತ್ತು ಮುಳುಗಿದ ಮೇಲೆ ಒಬ್ಬ ಗಂಡಸು ಬಾಗಿಲು ತಟ್ಟಿದರೆ ಯಾರು, ಎಲ್ಲಿಂದ ಬಂದೆ ಎಂಬ ವಿಚಾರಣೆ ಶುರುವಾಗುತ್ತದೆ. ಹೆಂಗಸಿನ ಕಂಕುಳಲ್ಲಿ ಮಗು ಅಳುತ್ತಿದ್ದರೆ ಆ ಮನೆಯಾಕೆ ಮೊದಲು ಹಾಲು ಬೇಕೇ ಎನ್ನುತ್ತಾಳೆ, ಊರು ಹೆಸರೆಲ್ಲ ಆಮೇಲೆ. ಒಂಟಿ ಯಾತ್ರಿಕ ದೇಶವನ್ನು ಹೆಚ್ಚಾಗಿ ಜಗಲಿಯಿಂದ ನೋಡುತ್ತಾನೆ. ಸಂಸಾರ ಅಡುಗೆಮನೆಯಿಂದ ನೋಡುತ್ತದೆ. ಎರಡೂ ಒಂದೇ ದೇಶ ಅಂತ ನನಗನ್ನಿಸುವುದಿಲ್ಲ.

ಇನ್ನೊಂದು ಅದಲುಬದಲೂ ಆಗುತ್ತದೆ. ಹೊಸ ಊರಿನಲ್ಲಿ ಉಪ್ಪಿಗೆ ಏನನ್ನುತ್ತಾರೆ ಎಂಬುದು ಅಪ್ಪನಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ಮಗ ಬೀದಿಯಲ್ಲಿ ಆಡಿ ಸಂಜೆಯೊಳಗೆ ಕಲಿತು ಬರುತ್ತಾನೆ. ಮುಂಬೈಗೆ ಹೋದ ನಮ್ಮ ಕರಾವಳಿಯ ಸಂಸಾರಗಳಿಗೆ ಇದು ಹಳೆಯ ಕಥೆ. ರೇಷನ್ ಅಂಗಡಿಯಲ್ಲಿ ಅಮ್ಮನಿಗೆ ದುಭಾಷಿಯಾಗಿ ನಿಂತದ್ದು ಒಂಬತ್ತು ವರ್ಷದ ಹುಡುಗಿಯೇ. ಅಪ್ಪ ಹೇಳಿಕೊಡುವವನು, ಮಗು ಕಲಿಯುವುದು ಎಂಬ ಮನೆಯ ಕಾನೂನು ಗಡಿ ದಾಟಿದ ಕೂಡಲೇ ಸಡಿಲಾಗುತ್ತದೆ. ಕೆಲವು ಅಪ್ಪಂದಿರಿಗೆ ಇದನ್ನು ಸಹಿಸುವುದು ಕಷ್ಟ.

ಇನ್ನು ‘ಕೋಶ’. ಪರೀಕ್ಷೆಯಲ್ಲಿ ನಾವು ಪುಸ್ತಕ ಎಂದಷ್ಟೇ ಬರೆದೆವು. ಆದರೆ ಕೋಶವೆಂದರೆ ಬೊಕ್ಕಸವೂ ಹೌದು; ಕೋಶಾಧಿಕಾರಿ ಪುಸ್ತಕ ಕಾಯುವವನಲ್ಲ. ಝಾಪ್ ದಂಪತಿಯ ಬೊಕ್ಕಸ ದಾರಿಯಲ್ಲೇ ಬರಿದಾಯಿತು. ಚಿತ್ರ ಬರೆದು ಮಾರಿದರು. ಆಮೇಲೆ ತಮ್ಮ ಪ್ರಯಾಣವನ್ನೇ ಪುಸ್ತಕ ಮಾಡಿ ಮಾರುತ್ತಾ ಮುಂದೆ ಹೋದರು. ದೇಶ ಸುತ್ತಿ ಕೋಶ ಬರೆದರು, ಆ ಕೋಶ ಇನ್ನಷ್ಟು ದೇಶ ತೋರಿಸಿತು. ಗಾದೆ ಕಟ್ಟಿದವರ ಮನಸ್ಸಿನಲ್ಲಿ ಈ ಶ್ಲೇಷೆ ಇತ್ತೋ ಇಲ್ಲವೋ, ನಾನಂತೂ ಇನ್ನು ಬಿಟ್ಟುಕೊಡುವವನಲ್ಲ.

ಬೊಕ್ಕಸದ ಮಾತು ಬಂದ ಮೇಲೆ ‘ಸುತ್ತು’ ಪದವನ್ನೂ ತಿರುಗಿ ನೋಡಬೇಕಾಗುತ್ತದೆ. ಗುಡಿ ಸುತ್ತುವವನು ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾನೆ. ಸುತ್ತಿಗೆ ಒಂದು ಹೊಸ್ತಿಲು ಬೇಕು. ಹೊಸ್ತಿಲಿಲ್ಲದವರ ನಡಿಗೆಗೆ ನಮ್ಮಲ್ಲಿ ಬೇರೆಯೇ ಪದವಿದೆ, ಅಲೆಯುವುದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ವರ್ಷವರ್ಷವೂ ಕಬ್ಬು ಕಡಿಯಲು ಹೊರಡುವ ಸಂಸಾರಗಳ ಮಕ್ಕಳೂ ತಿಂಗಳುಗಟ್ಟಲೆ ಅಪ್ಪ ಅಮ್ಮನ ಜೊತೆ ಪರಊರಿನಲ್ಲಿರುತ್ತಾರೆ. ಅದನ್ನು ಲೋಕಾನುಭವ ಎಂದು ಯಾರೂ ಕರೆಯುವುದಿಲ್ಲ, ಶಾಲೆ ಬಿಟ್ಟ ಮಕ್ಕಳು ಎಂದು ದಾಖಲೆಯಲ್ಲಿ ಬರೆಯುತ್ತಾರೆ. ಬರೆಯುವುದು ಸರಿಯೇ. ಅಂಥ ಮಕ್ಕಳಿಗಾಗಿ ನಮ್ಮ ರಾಜ್ಯದಲ್ಲಿ ಟೆಂಟ್ ಶಾಲೆಗಳು ಬಂದವು. ಆದರೆ ಅದೇ ಲೇಖನಿ ಕಾರಿನಲ್ಲಿ ಹೋದ ಮಕ್ಕಳ ಬಗ್ಗೆ ಬರೆಯುವಾಗ ಮೆದುವಾಗುವುದನ್ನು ನಾನು ಗಮನಿಸಿದ್ದೇನೆ. ಈ ಲೇಖನದ ಲೇಖನಿಯೂ ಮೇಲೆ ಮೆದುವಾಗಿಯೇ ಓಡಿದೆ.

ಈ ಎರಡು ಬಗೆಯ ಸಂಸಾರಗಳ ನಡುವೆ ನಿಲ್ಲುವವರು ಉತ್ತರ ಕರ್ನಾಟಕದ ಕುರುಬರು. ಮೇವು ಹುಡುಕಿ ಕುರಿಹಿಂಡಿನ ಜೊತೆ ತಿಂಗಳುಗಟ್ಟಲೆ ನಡೆಯುತ್ತಾರೆ. ಕುದುರೆಯ ಮೇಲೆ ಪಾತ್ರೆ, ಕಂಬಳಿ, ಕೋಳಿ, ಅವುಗಳ ನಡುವೆ ಕೂಸು. ರಾತ್ರಿ ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಜೋಳವೋ ದುಡ್ಡೋ. ಮಳೆಗಾಲ, ಬೆಳೆಯ ಕೊಯ್ಲು ನೋಡಿಕೊಂಡು ಹೋಗುವ, ತಿರುಗಿ ಊರು ಸೇರುವ ನಡಿಗೆ ಅದು. ಕಟ್ಟುನಿಟ್ಟಾದ ಅರ್ಥದಲ್ಲಿ ಸುತ್ತು.

ಹಿಂದೊಮ್ಮೆ ಹೆದ್ದಾರಿಯ ಬದಿ ಅಂಥದೊಂದು ಹಿಂಡಿನ ಹಿಂದೆ ನಮ್ಮ ಕಾರು ನಿಂತಿತ್ತು. ಹತ್ತು ಹನ್ನೊಂದರ ಹುಡುಗಿಯೊಬ್ಬಳು ಮರಿಗಳನ್ನು ಬದಿಗೆ ಹೊಡೆಯುತ್ತಿದ್ದಳು. ಮುಂದಿನ ಊರು ಎಷ್ಟು ದೂರವಮ್ಮ ಎಂದು ಕೇಳಿದೆ. ಆಕೆ ಕಾರನ್ನು ಒಮ್ಮೆ, ಹಿಂಡನ್ನು ಒಮ್ಮೆ ನೋಡಿದಳು. “ನಿಮಗೋ, ನಮಗೋ?” ಎಂದಳು.