ಎತ್ತಿದ ಕೈ

ತಂಗಿಯ ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಯುಗಾದಿಗೆ ಬಂದವನು ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು ತನ್ನ ಪ್ರಾಜೆಕ್ಟ್ ತೋರಿಸಿದ. ಕ್ಯಾಮೆರಾದ ಮುಂದೆ ಕೈ ಹಿಡಿದರೆ ಪರದೆಯಲ್ಲಿ ಆ ಕೈಯ ಮೇಲೆ ಇಪ್ಪತ್ತೊಂದು ಚುಕ್ಕಿ ಮೂಡುತ್ತವೆ: ಮಣಿಕಟ್ಟಿಗೆ ಒಂದು, ಬೆರಳಿಗೆ ನಾಲ್ಕರಂತೆ ಇಪ್ಪತ್ತು. ಗೆರೆಗಳು ಬಂದು ಚುಕ್ಕಿಗಳನ್ನು ಕೂಡಿಸುತ್ತವೆ. ಮೂಲೆಯಲ್ಲಿ ಒಂದು ಪದ ಬೀಳುತ್ತದೆ. ಹೆಬ್ಬೆರಳೆತ್ತಿದರೆ ‘ಓಕೆ’, ಎರಡು ಬೆರಳು ಬಿಡಿಸಿದರೆ ‘ವಿಕ್ಟರಿ’. ಅವನು ಲ್ಯಾಪ್‌ಟಾಪಿನ ಹಿಂದೆ ನಿಂತು ವಿವರಿಸುತ್ತಿದ್ದ. ಎಂಬತ್ತು ದಾಟಿದ ನಮ್ಮಮ್ಮ ಪರದೆಯ ಮುಂದೆ ಕೂತಿದ್ದರು. “ಇದೇನೋ, ಕೈಗೆ ಚುಕ್ಕಿ ರಂಗೋಲಿ ಹಾಕ್ತಿದೆಯಲ್ಲೋ” ಅಂದರು. ಮುಂದಿನ ವಾರವೇ ಅವನಿಗೆ ವೈವಾ ಎಂದು ಗೊತ್ತಾದದ್ದೇ ತಡ, ಕೂತಲ್ಲಿಂದಲೇ ಬಲಗೈ ಎತ್ತಿ, ಅಂಗೈಯನ್ನು ಅವನತ್ತ ಮಾಡಿ, “ಒಳ್ಳೇದಾಗ್ಲಪ್ಪ” ಅಂದರು. ಪರದೆಯ ಮೂಲೆಯಲ್ಲಿ ‘ಸ್ಟಾಪ್’ ಎಂದು ಬಂತು.

ಹುಡುಗನಿಗೆ ಕಸಿವಿಸಿಯಾಯಿತು. “ಡೇಟಾಸೆಟ್‌ನಲ್ಲಿ ಆಶೀರ್ವಾದ ಇಲ್ಲ ಮಾವ, ಸೇರಿಸಿದ್ರೆ ಆಯ್ತು” ಅಂದ. ಆ ಮಾತು ಹೊರಡುವ ಮೊದಲೇ ಅವನ ತಲೆ ಅಜ್ಜಿಯ ಕೈಗೆ ಬಾಗಿತ್ತು.

ಸೇರಿಸಿದರೆ ಆಗುತ್ತದೆಯೆ? ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಯಂತ್ರದ ಸಾಧನೆಯನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. 1973ರಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ ಒಂದು ಪ್ರಯೋಗ ಪ್ರಕಟಿಸಿದರು. ಕತ್ತಲಲ್ಲಿ ಒಬ್ಬ ಮನುಷ್ಯನ ಭುಜ, ಮೊಣಕೈ, ಸೊಂಟ, ಮಂಡಿ, ಹರಡುಗಳಲ್ಲಿ ಹತ್ತು ಹನ್ನೆರಡು ಬೆಳಕಿನ ಬೊಟ್ಟುಗಳು ಮಾತ್ರ ಕಾಣುವ ಹಾಗೆ ಚಿತ್ರೀಕರಿಸಿದರು. ಅವನು ಅಲ್ಲಾಡದೆ ನಿಂತಿದ್ದರೆ ನೋಡುವವರಿಗೆ ಅವು ಚದುರಿದ ಚುಕ್ಕಿಗಳು, ಅಷ್ಟೆ. ಒಂದು ಹೆಜ್ಜೆ ಇಟ್ಟದ್ದೇ ತಡ, ಅಲ್ಲೊಬ್ಬ ಮನುಷ್ಯ ನಡೆಯುತ್ತಿದ್ದಾನೆ ಎಂದು ಎಲ್ಲರಿಗೂ ಕಂಡುಬಿಟ್ಟಿತು. ನಮ್ಮ ಕಣ್ಣಿಗೂ ಚುಕ್ಕಿಗಳ ಓಟವೇ ಸಾಕಾಗುತ್ತದೆ ಎಂದಾಯಿತು. ಕಂಪ್ಯೂಟರ್ ಇದೇ ದಾರಿ ಹಿಡಿದಿದೆ. ವಿಡಿಯೋದ ಒಂದೊಂದು ಚೌಕಟ್ಟಿನಲ್ಲೂ ಕೀಲುಗಳನ್ನು ಹುಡುಕುತ್ತದೆ, ಅವು ಹೇಗೆ ಸರಿದವೆಂದು ಲೆಕ್ಕ ಹಾಕುತ್ತದೆ, ಮನುಷ್ಯರು ಮೊದಲೇ ಹೆಸರಿಟ್ಟ ಸಾವಿರಾರು ತುಣುಕುಗಳಿಂದ ಕಲಿತದ್ದಕ್ಕೆ ಹೋಲಿಸಿ ಒಂದು ಹೆಸರು ಹೇಳುತ್ತದೆ. 2004ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಿದ್ಧವಾದ ಒಂದು ಹೆಸರಾಂತ ಸಂಗ್ರಹದಲ್ಲಿ ಇದ್ದದ್ದು ಆರೇ ಕ್ರಿಯೆ: ನಡೆಯುವುದು, ನಿಧಾನ ಓಟ, ಓಟ, ಗುದ್ದುವುದು, ಕೈಬೀಸುವುದು, ಚಪ್ಪಾಳೆ. 2017ರಲ್ಲಿ ಬಂದ ‘ಕೈನೆಟಿಕ್ಸ್’ ಸಂಗ್ರಹದಲ್ಲಿ ನಾನೂರು ಕ್ರಿಯೆಗಳು, ಒಂದೊಂದಕ್ಕೂ ಕನಿಷ್ಠ ನಾನೂರು ತುಣುಕುಗಳು. ಮೈಯ ಚಲನೆಯನ್ನು ಅಳೆಯುವುದರಲ್ಲಿ ಯಂತ್ರ ಈಗ ಎತ್ತಿದ ಕೈ.

ಆದರೆ ಅಮ್ಮ ಮಾಡಿದ್ದು ಚಲನೆಯೆ?

ಇದಕ್ಕೊಂದು ಸುಲಭದ ಉತ್ತರವಿದೆ: ಅಮ್ಮನಿಗೆ ಮನಸ್ಸಿದೆ, ಯಂತ್ರಕ್ಕಿಲ್ಲ, ಅರ್ಥ ಒಳಗಿರುತ್ತದೆ, ಯಂತ್ರಕ್ಕೆ ಕಾಣುವುದು ಹೊರಗಿನದು ಮಾತ್ರ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ನನ್ನ ಕೈ ಮೇಲೇಳುವುದಕ್ಕೂ ನಾನು ಕೈ ಎತ್ತುವುದಕ್ಕೂ ವ್ಯತ್ಯಾಸವಿದೆ; ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇನು ಎಂದು ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಕೇಳಿದ್ದರು. ಉಳಿಯುವುದು ಮನಸ್ಸಿನೊಳಗಿನ ಯಾವುದೋ ಗುಟ್ಟಿನ ಪದಾರ್ಥ ಎಂದುಕೊಂಡರೆ ನಾವೂ ಒಬ್ಬರ ಸನ್ನೆಯನ್ನು ಒಬ್ಬರು ಓದಲಾರೆವು. ಅಮ್ಮನ ಮನಸ್ಸಿನ ಒಳಗೆ ನಾನೂ ಇಣುಕಿ ನೋಡಿಲ್ಲ, ಮೊಮ್ಮಗನೂ ನೋಡಿಲ್ಲ. ಆದರೂ ಅದು ಆಶೀರ್ವಾದವೆಂಬುದರಲ್ಲಿ ಇಬ್ಬರಿಗೂ ಅನುಮಾನ ಬರಲಿಲ್ಲ.

ಹಾಗಾದರೆ ಅರ್ಥ ಎಲ್ಲಿತ್ತು? ಎಲ್ಲರೂ ಸಾವಿರ ಸಲ ನೋಡಿರುವ ಒಂದು ಸನ್ನೆಯನ್ನು ತೆಗೆದುಕೊಳ್ಳೋಣ. ಕ್ರಿಕೆಟ್ ಅಂಪೈರ್ ತೋರುಬೆರಳು ಎತ್ತುತ್ತಾರೆ. ಅಂಪೈರ್‌ಗಳ ಸನ್ನೆ ಗುರುತಿಸಿ ಪಂದ್ಯದ ಮುಖ್ಯ ಗಳಿಗೆಗಳನ್ನು ತಾನಾಗಿ ಆಯ್ದುಕೊಡುವ ತಂತ್ರಾಂಶಕ್ಕಾಗಿ ಸಂಶೋಧಕರು ಕೆಲಸ ಮಾಡಿದ್ದಾರೆ. ಎರಡೂ ಕೈ ಮೇಲಕ್ಕೆತ್ತಿದರೆ ಸಿಕ್ಸರ್, ಎರಡೂ ಪಕ್ಕಕ್ಕೆ ಚಾಚಿದರೆ ವೈಡ್, ಒಂದೇ ಚಾಚಿದರೆ ನೋಬಾಲ್. ಯಂತ್ರಕ್ಕೆ ಇವು ಬಲು ಹೊಂದುವ ಭಂಗಿಗಳು. ಆದರೆ ಎತ್ತಿದ ಬೆರಳು ‘ಬ್ಯಾಟರ್ ಔಟಾಗಿದ್ದಾರೆ’ ಎಂಬ ಸುದ್ದಿಯನ್ನು ಹೇಳುತ್ತಿಲ್ಲ, ಔಟ್ ಮಾಡುತ್ತಿದೆ. ಅದೇ ಬೆರಳನ್ನು ಬೌಲರ್ ಎತ್ತಿದರೆ ಅದು ಬೇಡಿಕೆ. ಗ್ಯಾಲರಿಯಲ್ಲಿ ಕೂತ ಹುಡುಗ ಎತ್ತಿದರೆ ಹುಮ್ಮಸ್ಸು. ಬೆರಳಿನ ಕೀಲುಗಳ ಲೆಕ್ಕದಲ್ಲಿ ಮೂರಕ್ಕೂ ಹೆಚ್ಚಿನ ಭೇದವಿಲ್ಲ.

ಇನ್ನೂ ಹತ್ತಿರ ಹೋಗೋಣ. ಕ್ಷೇತ್ರರಕ್ಷಕರಲ್ಲಿ ಯಾರಾದರೂ ಅಪೀಲು ಮಾಡದೆ ಅಂಪೈರ್ ಯಾರನ್ನೂ ಔಟ್ ಕೊಡುವಂತಿಲ್ಲ. ಬ್ಯಾಟರ್ ನಿಯಮದ ಪ್ರಕಾರ ನಿಜಕ್ಕೂ ಔಟಾಗಿದ್ದರೂ ಕೊಡುವಂತಿಲ್ಲ. ‘ಹೌಝಾಟ್’ ಎಂಬ ಕೂಗಿಗೆ ಆ ಬೆರಳು ಉತ್ತರ. ಪ್ರಶ್ನೆಯಿಲ್ಲದೆ ಎತ್ತಿದ ಬೆರಳು ಬರೀ ಬೆರಳು. ಇನ್ನೊಂದು ಕಡೆ, ಪಂದ್ಯ ಬರೆಯುವ ಸ್ಕೋರರ್ ಇದ್ದಾರೆ. ಅಂಪೈರ್ ತಮಗೆ ತೋರಿಸಿದ ಪ್ರತಿಯೊಂದು ಸನ್ನೆಗೂ ಸ್ಕೋರರ್ ಮಾರುತ್ತರ ಕೊಡಬೇಕು, ಅದು ಸಿಗುವ ತನಕ ಅಂಪೈರ್ ಆಟ ಮುಂದುವರಿಸದೆ ಕಾಯಬೇಕು ಎಂದು ಎಂಸಿಸಿಯ ಕ್ರಿಕೆಟ್ ನಿಯಮವೇ ಹೇಳುತ್ತದೆ. ಊರ ಮೈದಾನಗಳಲ್ಲಿ ನಾನಿದನ್ನು ಕಣ್ಣಾರೆ ಕಂಡಿದ್ದೇನೆ: ಬೌಂಡರಿಯಾಚೆ ಮರದಡಿಯ ಮೇಜಿನಿಂದ ಒಂದು ಕೈ ಮೇಲೆದ್ದು ‘ನೋಡಿದೆ, ಬರೆದುಕೊಂಡೆ’ ಎನ್ನುವ ತನಕ ಅಂಪೈರ್ ಅತ್ತಲೇ ತಿರುಗಿ ನಿಂತಿರುತ್ತಾರೆ. ಆ ಕಾಯುವ ಎರಡು ಮೂರು ಸೆಕೆಂಡಿನಲ್ಲಿ ಸನ್ನೆ ಎಂದರೇನು ಎಂಬುದು ಪೂರ್ತಿ ಇದೆ ಎಂದು ನನಗನ್ನಿಸುತ್ತದೆ. ಸನ್ನೆ ಕೈಯಲ್ಲೂ ಇಲ್ಲ, ತಲೆಯಲ್ಲೂ ಇಲ್ಲ. ಮಾಡಿದವರು ಮತ್ತು ಕಂಡವರ ನಡುವಿನ ಜಾಗದಲ್ಲಿ ಅದು ನಡೆಯುತ್ತದೆ.

ನಮ್ಮ ನಾಟ್ಯದವರಿಗೆ ಇದು ಗೊತ್ತಿತ್ತು. ನಂದಿಕೇಶ್ವರನ ‘ಅಭಿನಯ ದರ್ಪಣ’ದಲ್ಲಿ ಬೆರಳುಗಳನ್ನು ಚಾಚಿ, ಹೆಬ್ಬೆರಳನ್ನು ಕೊಂಚ ಬಾಗಿಸಿ ಹಿಡಿದ ಕೈಗೆ ಪತಾಕ ಎಂದು ಹೆಸರು. ಅದಕ್ಕೆ ಒಂದೇ ಅರ್ಥ ಕಟ್ಟಿಲ್ಲ. ಮೋಡ, ಕಾಡು, ನದಿ, ಇರುಳು, ಬೇಡವೆನ್ನುವುದು, ಹೀಗೆ ಪಟ್ಟಿ ಉದ್ದಕ್ಕೆ ಸಾಗುತ್ತದೆ. ಆ ಪಟ್ಟಿಗೆ ಅರ್ಥ ಎಂದೂ ಕರೆದಿಲ್ಲ, ವಿನಿಯೋಗ ಎಂದು ಕರೆದಿದ್ದಾರೆ. ಎಲ್ಲಿ, ಯಾರಿಗಾಗಿ, ಯಾವುದರ ಬೆನ್ನಿಗೆ ಬಳಸಿದೆ ಎಂಬುದೇ ಲೆಕ್ಕ.

ಕನ್ನಡದಲ್ಲಿ ‘ಗುರುತಿಸು’ ಎಂಬ ಮಾತಿಗೆ ಎರಡು ಮುಖಗಳಿವೆ. ಹಕ್ಕಿಯನ್ನು ಗುರುತಿಸುತ್ತೇವೆ: ಇದು ಗೊರವಂಕ, ಅದು ಮಡಿವಾಳ. ಸಭೆಯಲ್ಲಿ ಹಳೆಯ ಮೇಷ್ಟರು ನಮ್ಮನ್ನು ಗುರುತಿಸಿದರು ಎಂದು ಸಂತೋಷಪಡುತ್ತೇವೆ. ಮೊದಲನೆಯದು ಹೆಸರಿಡುವುದು, ಎರಡನೆಯದು ಒಪ್ಪಿಕೊಳ್ಳುವುದು. ಎರಡನೆಯದರಲ್ಲಿ ಗುರುತಿಸಿದವರೂ ಒಂದು ಹೊಣೆ ಹೊರುತ್ತಾರೆ. ತಪ್ಪಾದರೆ “ಹಾಗಲ್ಲ ಸಾರ್” ಎಂದು ಅವರ ಮುಖಕ್ಕೇ ಹೇಳಬಹುದು. ಕಂಪ್ಯೂಟರ್ ಸನ್ನೆ ಗುರುತಿಸುತ್ತದೆ ಎನ್ನುವಾಗ ನಾವು ಮೊದಲ ಅರ್ಥದಲ್ಲಿ ಮಾತಾಡುತ್ತೇವೆ, ಎರಡನೆಯ ಅರ್ಥದ ಅಧಿಕಾರವನ್ನು ಅದಕ್ಕೆ ಕೊಟ್ಟುಬಿಡುತ್ತೇವೆ. ನನ್ನ ತಕರಾರು ಇಷ್ಟೇ, ಆದರೆ ಇದು ಸಣ್ಣದಲ್ಲ.

ಬರೀ ಚಲನೆಯೇ ಬೇಕಾದ ಕಡೆ ಯಂತ್ರ ಬರಲಿ. ಮೂರು ನಾಲ್ಕು ತಿಂಗಳ ಕೂಸು ತೊಟ್ಟಿಲಲ್ಲಿ ಕೈಕಾಲು ಆಡಿಸುವ ರೀತಿ ನೋಡಿ ಮುಂದೆ ಸೆರೆಬ್ರಲ್ ಪಾಲ್ಸಿ ಬರುವ ಸಂಭವವನ್ನು ನುರಿತ ವೈದ್ಯರು ಊಹಿಸಬಲ್ಲರು. ಅಂಥ ಕಣ್ಣು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ವಿಡಿಯೋದಿಂದ ಕಂಪ್ಯೂಟರ್ ಅದನ್ನು ಕಂಡುಹಿಡಿದರೆ ಎಷ್ಟೋ ಮನೆಗಳಿಗೆ ಉಪಕಾರ. ಕೂಸು ಯಾರಿಗೂ ಏನನ್ನೂ ಹೇಳುತ್ತಿಲ್ಲ, ಅದರ ಚಲನೆಯನ್ನು ಅಳೆದರೆ ಸಾಕು. 2022ರ ಕತಾರ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಹನ್ನೆರಡು ಕ್ಯಾಮೆರಾಗಳು ಪ್ರತಿ ಆಟಗಾರನ ಮೈಯ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಅಳೆದು ಆಫ್‌ಸೈಡ್ ಗೆರೆ ಎಳೆದವು. ಅಲ್ಲಿ ನಿಂತ ಆಟಗಾರ ಆಟಕ್ಕೆ ಅಡ್ಡ ಬಂದನೆ ಎಂಬ ತೀರ್ಮಾನ ಮಾತ್ರ ರೆಫರಿಯದಾಗಿಯೇ ಉಳಿಯಿತು. ಅದು ಸರಿಯಾದ ಪಾಲು.

ಕಿವುಡರ ಸನ್ನೆ ಭಾಷೆಯ ವಿಷಯಕ್ಕೆ ಬಂದರೆ ಕೊಂಚ ನಿಲ್ಲಬೇಕು. ಅದು ಕೈಯಿಂದ ಮಾತ್ರ ಆಡುವ ಭಾಷೆಯಲ್ಲ. ಹುಬ್ಬು, ತುಟಿ, ತಲೆ, ಭುಜ ಎಲ್ಲದರಲ್ಲೂ ವ್ಯಾಕರಣವಿದೆ. ಬಿಡಿ ಪದಗಳನ್ನು ಗುರುತಿಸುವ ತಂತ್ರಾಂಶ ಅದರ ನಿಘಂಟಿನ ಕೆಲವು ಹಾಳೆಗಳನ್ನು ಮುಟ್ಟುತ್ತದೆ, ಮಾತನ್ನು ಮುಟ್ಟುವುದಿಲ್ಲ. ಆದರೂ ಇಲ್ಲಿ ನನಗೆ ಭರವಸೆಯಿದೆ. ಸನ್ನೆ ಮಾಡಿದವರಿಗೆ ಪರದೆಯ ಮೇಲಿನ ಅನುವಾದ ಕಾಣುವಂತಿದ್ದರೆ ತಪ್ಪಾದಾಗ ಅವರು ತಲೆ ಅಲ್ಲಾಡಿಸಿ ಮತ್ತೆ ಹೇಳಬಹುದು. ತಿದ್ದುವ ಅಧಿಕಾರ ಭಾಷೆ ಆಡುವವರ ಕೈಯಲ್ಲೇ ಇರುತ್ತದೆ.

ನನಗೆ ಹೆದರಿಕೆಯಿರುವುದು ಆ ಅಧಿಕಾರ ಇಲ್ಲದ ಕಡೆ. ನಮ್ಮ ಪಕ್ಕದ ಮನೆಯ ಹುಡುಗಿ ಲೆಕ್ಕ ಮಾಡುವಾಗ ಮೇಲೆ ನೋಡುತ್ತಾಳೆ, ತುಟಿ ಆಡಿಸುತ್ತಾಳೆ, ಚಿಕ್ಕಂದಿನಿಂದ ಹಾಗೇ. ಮನೆಯಲ್ಲೇ ಕೂತು ಬರೆದ ಒಂದು ಆನ್‌ಲೈನ್ ಪರೀಕ್ಷೆಯಲ್ಲಿ ಕ್ಯಾಮೆರಾ ಅದನ್ನು ಅನುಮಾನದ ಚಲನೆ ಎಂದಿತು. ಮೂರನೆಯ ಎಚ್ಚರಿಕೆಗೆ ಪರೀಕ್ಷೆ ಮುಚ್ಚಿಹೋಯಿತು. ಅವಳು ಅತ್ತದ್ದು ಪರೀಕ್ಷೆ ಹೋದದ್ದಕ್ಕೆ ಮಾತ್ರವಲ್ಲ. “ಯಾರ ಹತ್ರ ಹೇಳ್ಲಿ ಅಂಕಲ್? ಅಲ್ಲಿ ಯಾರೂ ಇಲ್ಲ” ಅಂದಳು.

ಮನುಷ್ಯ ಮೇಲ್ವಿಚಾರಕರು ತಪ್ಪು ತಿಳಿಯುವುದಿಲ್ಲವೆ ಎಂದು ಕೇಳಬಹುದು. ತಿಳಿಯುತ್ತಾರೆ, ಯಂತ್ರಕ್ಕಿಂತ ಹೆಚ್ಚು ಸಲ ತಿಳಿದರೂ ಆಶ್ಚರ್ಯವಿಲ್ಲ. ಹೇಳಿದ್ದನ್ನು ಕೇಳಿಸಿಕೊಳ್ಳದ ಮೇಲ್ವಿಚಾರಕನಿಗೂ ಆ ಕ್ಯಾಮೆರಾಗೂ ನಾನು ಭೇದ ಎಣಿಸುವುದಿಲ್ಲ. ದೋಷ ಲೋಹದ್ದಲ್ಲ, ಮಾರುತ್ತರಕ್ಕೆ ಬಾಗಿಲು ಮುಚ್ಚಿದ್ದು. ಐರೋಪ್ಯ ಒಕ್ಕೂಟ 2025ರ ಫೆಬ್ರುವರಿಯಿಂದ ಶಾಲೆಗಳಲ್ಲೂ ಕೆಲಸದ ಜಾಗಗಳಲ್ಲೂ ಜನರ ಮುಖಚಹರೆ, ಚಲನೆಗಳಿಂದ ಭಾವನೆಯನ್ನು ಊಹಿಸುವ ವ್ಯವಸ್ಥೆಗಳನ್ನು, ಚಿಕಿತ್ಸೆ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ನಿಷೇಧಿಸಿದೆ. ತಂತ್ರಾಂಶ ಎಷ್ಟು ನಿಖರ ಎಂಬ ವಾದ ಏನೇ ಇರಲಿ, ಆ ನಿಷೇಧ ನನಗೆ ಸರಿ ಕಾಣುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಸರಿಯಿದ್ದರೂ ಉಳಿದ ಆ ಒಬ್ಬಳಿಗೆ “ಹಾಗಲ್ಲ” ಎನ್ನಲು ಎದುರಿಗೆ ಒಬ್ಬರು ಬೇಕು.

ಯುಗಾದಿಯ ದಿನ ಸಂಜೆ ಹುಡುಗ ಅಮ್ಮನನ್ನು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂರಿಸಿದ. ಹೊಸ ಫೋಲ್ಡರಿಗೆ ‘ಆಶೀರ್ವಾದ’ ಎಂದು ಹೆಸರಿಟ್ಟಿದ್ದ. ಬೇರೆ ಬೇರೆ ಬೆಳಕಿನಲ್ಲಿ, ಬೇರೆ ಬೇರೆ ಕೋನದಲ್ಲಿ ಐವತ್ತು ತುಣುಕು ಬೇಕಿತ್ತು ಅವನಿಗೆ. ಅಮ್ಮ ಒಮ್ಮೆ ಕೈ ಎತ್ತಿದರು, ಇನ್ನೊಮ್ಮೆ ಎತ್ತಿದರು. ಮೂರನೆಯ ಸಲ ಕೈ ಅರ್ಧಕ್ಕೇ ನಿಂತಿತು. “ಬೆಳಿಗ್ಗೇನೇ ಮಾಡಿದ್ನಲ್ಲೋ” ಅಂದರು. “ಇದು ಅದಲ್ಲ ಅಜ್ಜಿ, ಕಂಪ್ಯೂಟರಿಗೆ” ಅಂದ ಅವನು. “ಹೌದಾ” ಎಂದು ಅವರು ಉಳಿದ ನಲವತ್ತೆಂಟು ಸಲವೂ ಅವನು ಹೇಳಿದ ಹಾಗೇ, ಕಿಟಕಿಯ ಕಡೆ ನೋಡುತ್ತ, ಕೈ ಎತ್ತಿ ಇಳಿಸಿದರು.